ಮಲ್ಪೆಯ ಸುತ್ತ ಒಂದು ದಿನ: ಗಾಳಿ ನೋಡಿ ಪೆಡಲ್ ತುಳಿಯಿರಿ

ರಜೆಗೆಂದು ಮಲ್ಪೆಗೆ ಹೋದವರ ದಿನಚರಿ ಹೆಚ್ಚುಕಡಿಮೆ ಒಂದೇ ಬಗೆಯದು. ಬೀಚಿನ ಪಕ್ಕ ಕಾರು ನಿಲ್ಲಿಸುವುದು, ನೀರಿಗಿಳಿಯುವುದು, ಬೋಟು ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬರುವುದು, ಸೂರ್ಯಾಸ್ತದ ಫೋಟೊ, ರಾತ್ರಿ ಮೀನೂಟ. ಇದರಲ್ಲಿ ತಪ್ಪೇನಿಲ್ಲ. ಆದರೆ ಬೀಚಿನಿಂದ ಉತ್ತರಕ್ಕೋ ದಕ್ಷಿಣಕ್ಕೋ ಎರಡು ಕಿಲೋಮೀಟರ್ ಸರಿದರೆ ಸಿಗುವ ಊರು ಬೇರೆಯೇ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ತೋಟ, ಮನೆಯಂಗಳ, ಒಣಹಾಕಿದ ಬಲೆ, ಭಜನಾ ಮಂದಿರ. ಕಾರಿಗೆ ಈ ದಾರಿಗಳು ಇಕ್ಕಟ್ಟು, ಕಾಲ್ನಡಿಗೆಗೆ ದೂರ. ಸೈಕಲ್ಲಿಗೆ ಮಾತ್ರ ಅಳತೆ ಕೊಟ್ಟು ಮಾಡಿಸಿದಂತಿವೆ.

ದಿನವಿಡೀ ಸೈಕಲ್ ಎಂದರೆ ಹೆದರಬೇಕಿಲ್ಲ. ಇಲ್ಲಿ ಹೇಳುತ್ತಿರುವುದು ಬೆಳಿಗ್ಗೆ ಇಪ್ಪತ್ತೆರಡು, ಸಂಜೆ ಏಳೆಂಟು, ಒಟ್ಟಿಗೆ ಸುಮಾರು 30 ಕಿಲೋಮೀಟರ್ ದಾರಿಯ ಮಾತು. ಇಡೀ ದಾರಿಯಲ್ಲಿ ಏರು ಎನ್ನಬಹುದಾದದ್ದು ಒಂದು ಸೇತುವೆ ಮಾತ್ರ. ವರ್ಷಗಟ್ಟಲೆ ಸೈಕಲ್ ಮುಟ್ಟದವರೂ ಆರಾಮಾಗಿ ಮುಗಿಸಬಹುದು. ಒಂದೇ ಷರತ್ತು: ದಿನವನ್ನು ದೂರ ನೋಡಿ ಯೋಜಿಸಬೇಡಿ, ಗಾಳಿ ಮತ್ತು ಬಿಸಿಲು ನೋಡಿ ಯೋಜಿಸಿ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿಯ ತನಕ ಒಳ್ಳೆಯ ಕಾಲ. ಬೆಳಗು ತಂಪು, ಆಕಾಶ ತಿಳಿ, ದಾರಿ ಒಣಗಿರುತ್ತದೆ. ಮಾರ್ಚ್ ಬಂತೆಂದರೆ ಸೆಕೆ ಶುರು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಅಂಗಿ ಮೈಗೆ ಅಂಟುತ್ತದೆ. ಶಾಲಾ ರಜೆ ಅದೇ ಹೊತ್ತಿಗೆ ಬರುವುದರಿಂದ ಹೋಗಲೇಬೇಕಾದವರು ಬೆಳಗಿನ ಸವಾರಿಯನ್ನು ಒಂಬತ್ತರೊಳಗೆ ಮುಗಿಸಿಕೊಳ್ಳಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮಳೆಗೆ ಸೈಕಲ್ ತರವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತಾಗಿ ನಿಂತಿರುತ್ತವೆ, ದ್ವೀಪದ ಪ್ರವಾಸಿ ಬೋಟುಗಳೂ ಮಳೆಗಾಲದಲ್ಲಿ ಓಡುವುದಿಲ್ಲ.

ವಾರಾಂತ್ಯದ ಬದಲು ವಾರದ ನಡುವಿನ ದಿನ ಸಿಕ್ಕರೆ ಬಿಡಬೇಡಿ. ಶನಿವಾರ, ಭಾನುವಾರ ಬೀಚಿನ ಸುತ್ತ ವಾಹನಗಳ ಗದ್ದಲವಿರುತ್ತದೆ. ಬೀಚಿನ ಪಕ್ಕದ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಯಿದೆ. ಮಧ್ವಾಚಾರ್ಯರಿಗೆ ಹಡಗಿನ ಗೋಪಿಚಂದನದ ಗಡ್ಡೆಗಳಲ್ಲಿ ದೊರೆತ ಮೂರ್ತಿಗಳಲ್ಲಿ ಕೃಷ್ಣ ಉಡುಪಿಗೆ ಹೋದ, ಬಲರಾಮ ಇಲ್ಲೇ ಉಳಿದ ಎಂಬುದು ಪ್ರತೀತಿ. ಕೆಲವು ಅಮಾವಾಸ್ಯೆಗಳಂದು ಸಮುದ್ರಸ್ನಾನಕ್ಕೆ ಜನ ಸೇರುತ್ತಾರೆ. ಹೊರಡುವ ಮುನ್ನ ಪಂಚಾಂಗದತ್ತ ಒಮ್ಮೆ ಕಣ್ಣಾಡಿಸಿದರೆ ಒಳ್ಳೆಯದು.

ಸೈಕಲ್ ಎಲ್ಲಿಂದ?

ಎರಡು ದಾರಿಗಳಿವೆ. ಮೊದಲನೆಯದು, ಉಳಿದುಕೊಳ್ಳುವ ಹೋಂಸ್ಟೇ ಅಥವಾ ರೆಸಾರ್ಟಿನಲ್ಲಿ ಕೇಳುವುದು. ಕೋಣೆ ಕಾಯ್ದಿರಿಸುವಾಗಲೇ ಸೈಕಲ್ ಇದೆಯೇ, ಎಷ್ಟಿವೆ, ದೊಡ್ಡವರ ಅಳತೆಯವೇ ಎಂದು ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಅತಿಥಿಗಳಿಗೆಂದು ಇಟ್ಟ ಸೈಕಲ್‌ಗಳು ಉಪ್ಪುಗಾಳಿಗೆ ತುಕ್ಕು ಹಿಡಿದಿರುವುದೇ ಹೆಚ್ಚು. ಹಿಂದಿನ ಸಂಜೆಯೇ ಪರೀಕ್ಷಿಸಿ: ಎರಡೂ ಬ್ರೇಕ್ ಹಿಡಿಯುತ್ತವೆಯೇ, ಚೈನು ಒಣಗಿ ಕಿರುಗುಡುತ್ತದೆಯೇ, ಟೈರಿನ ಬದಿ ಬಿರುಕು ಬಿಟ್ಟಿದೆಯೇ, ಬೆಲ್ ಇದೆಯೇ. ಸೀಟಿನ ಎತ್ತರವನ್ನೂ ಆಗಲೇ ಸರಿಮಾಡಿಕೊಳ್ಳಿ. ಪೆಡಲ್ ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಸೀಟು ತೀರ ತಗ್ಗಿದ್ದರೆ ಹತ್ತು ಕಿಲೋಮೀಟರ್‌ಗೇ ಮಂಡಿ ನೋಯುತ್ತದೆ. ಎಷ್ಟೋ ಜನ ‘ವಯಸ್ಸಾಯಿತು’ ಎಂದುಕೊಳ್ಳುವುದು ಈ ನೋವನ್ನೇ.

ಎರಡನೆಯದು, ಸ್ವಂತ ಸೈಕಲ್ ತರುವುದು. ಬೆಂಗಳೂರಿನಿಂದ ಬರುವವರಿಗೆ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ನಸುಕಿನಲ್ಲಿ ಉಡುಪಿ ಮುಟ್ಟಿಸುತ್ತದೆ. ರೈಲಿನಲ್ಲಿ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಿಸಬೇಕು. ಅದಕ್ಕಾಗಿ ರೈಲು ಹೊರಡುವ ಹೊತ್ತಿಗಿಂತ ಬಹಳ ಮುಂಚೆ ನಿಲ್ದಾಣದಲ್ಲಿರಿ. ಹ್ಯಾಂಡಲ್, ಗೇರಿನ ಭಾಗಗಳಿಗೆ ಹಳೆ ಬಟ್ಟೆ ಸುತ್ತಿ. ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಕಟ್ಟಿ. ಪಂಪು, ಲೈಟು, ಬಾಟಲಿ ಬಿಚ್ಚಿ ನಿಮ್ಮ ಚೀಲಕ್ಕೆ ಹಾಕಿ. ಮಡಚುವ ಸೈಕಲ್ಲಾದರೆ ಈ ತಾಪತ್ರಯವಿಲ್ಲ, ಚೀಲದಲ್ಲಿಟ್ಟು ಸೀಟಿನಡಿ ತಳ್ಳಬಹುದು. ಉಡುಪಿ ರೈಲು ನಿಲ್ದಾಣವಿರುವುದು ಇಂದ್ರಾಳಿಯಲ್ಲಿ. ಉಡುಪಿ ಪೇಟೆಯಿಂದ ಮಲ್ಪೆಗೆ ಸುಮಾರು 6 ಕಿಲೋಮೀಟರ್. ಮೀನಿನ ಲಾರಿಗಳು, ಸಿಟಿ ಬಸ್ಸುಗಳು ಎಡೆಬಿಡದೆ ಓಡುವ ದಾರಿಯದು. ಅಲ್ಲಿ ಸಾಹಸ ಬೇಡ, ಸೈಕಲ್ಲನ್ನು ಗೂಡ್ಸ್ ಆಟೋಗೆ ಹಾಕಿಸಿ ಮಲ್ಪೆಯಲ್ಲೇ ಇಳಿಸಿಕೊಳ್ಳಿ.

ಗೇರಿನ ಸೈಕಲ್ಲೇ ಬೇಕೆಂದೇನಿಲ್ಲ. ತೀರ ತೆಳು ಟೈರಿನ ರೇಸಿಂಗ್ ಸೈಕಲ್ ಮಾತ್ರ ಬೇಡ. ದಾರಿಗೆ ಹೊಯಿಗೆ (ಮರಳು) ಹಾರಿ ಬಿದ್ದಿರುವ ಕಡೆ ಅದು ಜಾರುತ್ತದೆ.

ಗಾಳಿಯ ಲೆಕ್ಕ

ಮಲ್ಪೆಯ ಕರಾವಳಿ ದಾರಿಗಳೆಲ್ಲ ಉತ್ತರ–ದಕ್ಷಿಣವಾಗಿವೆ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ನಸುಕಿನಲ್ಲಿ ನೆಲದಿಂದ ಕಡಲಿನ ಕಡೆಗೆ ಮೆಲುಗಾಳಿ ಇರುತ್ತದೆ. ಸವಾರನಿಗೆ ಅದು ಇದ್ದೂ ಇಲ್ಲದಂತೆ. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಹತ್ತು–ಹನ್ನೊಂದರ ಹೊತ್ತಿಗೆ ಶುರುವಾಗುವ ಈ ಗಾಳಿ ಮಧ್ಯಾಹ್ನದ ನಂತರ ಜೋರಾಗುತ್ತದೆ, ಹೊತ್ತು ಮುಳುಗುವಾಗ ಇಳಿಯುತ್ತದೆ. ಮಳೆ ಇಲ್ಲದ ತಿಂಗಳುಗಳಲ್ಲಿ ಅದು ಬೀಸುವುದು ಹೆಚ್ಚಾಗಿ ವಾಯವ್ಯದಿಂದ.

ಇದರಿಂದ ಹೊರಡುವ ಸೂತ್ರ ಸರಳ: ಗಾಳಿಯಿಲ್ಲದ ಬೆಳಗಿನಲ್ಲಿ ಉತ್ತರಕ್ಕೆ ಹೋಗಿ, ಗಾಳಿ ಏಳುವಾಗ ದಕ್ಷಿಣಕ್ಕೆ ಮರಳಿ. ಬರುವಾಗ ಬೆನ್ನಿಗೆ ಕೈಯಿಟ್ಟು ನೂಕಿದಷ್ಟು ಸಲೀಸಾಗುತ್ತದೆ. ತಡವಾಗಿ ಎದ್ದು, ತಿಂಡಿ ತಿಂದು, ದಕ್ಷಿಣಕ್ಕೆ ಹೊರಟವರಿಗೆ ಹೋಗುವಾಗ ಹುಮ್ಮಸ್ಸು. ಮಧ್ಯಾಹ್ನದ ಬಿಸಿಲಲ್ಲಿ ಎದುರುಗಾಳಿಗೆ ಮುಖಕೊಟ್ಟು ಮರಳುವಾಗ ರಜೆಯೇ ಬೇಡವೆನಿಸುತ್ತದೆ.

ಬೆಳಿಗ್ಗೆ: ಉತ್ತರಕ್ಕೆ, ಕೋಡಿ ಬೆಂಗ್ರೆಗೆ

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಬೆಳಕು ಹರಿಯುವುದು ತುಸು ತಡ. ಸೂರ್ಯ ಹುಟ್ಟುವಾಗ ಆರೂ ಮುಕ್ಕಾಲು ದಾಟಿರುತ್ತದೆ. ಆರೂವರೆಗೆ ಒಂದು ಲೋಟ ಚಹಾ, ಒಂದೆರಡು ಬಾಳೆಹಣ್ಣು ಮುಗಿಸಿ ಹೊರಟರೆ ಸಾಕು. ತಿಂಡಿ ದಾರಿಯಲ್ಲಿ.

ಮಲ್ಪೆಯಿಂದ ತೊಟ್ಟಂ, ಬಡಾನಿಡಿಯೂರು, ಹೂಡೆ ದಾಟಿ ಕೋಡಿ ಬೆಂಗ್ರೆಯ ತುದಿಗೆ ಸುಮಾರು 11 ಕಿಲೋಮೀಟರ್. ದಾರಿ ಕೆಲವೆಡೆ ಕಡಲಿಗೆ ಹತ್ತಿರ, ಕೆಲವೆಡೆ ತೆಂಗಿನ ತೋಟದ ಮರೆಯಲ್ಲಿ. ತೊಟ್ಟಂನಲ್ಲಿ ಸೇಂಟ್ ಆ್ಯನ್ಸ್ ಚರ್ಚ್, ಹೂಡೆಯಲ್ಲಿ ಮಸೀದಿ, ನಡುನಡುವೆ ಮೀನುಗಾರ ಮೊಗವೀರರ ಭಜನಾ ಮಂದಿರಗಳು, ಕಡಲ ದೈವ ಬೊಬ್ಬರ್ಯನ ಗುಡಿಗಳು ಸಿಗುತ್ತವೆ. ಹತ್ತು ಕಿಲೋಮೀಟರಿನಲ್ಲಿ ಇಲ್ಲಿಯ ಕಡಲಂಚಿನ ಎಲ್ಲ ಬಗೆಯ ಬದುಕೂ ಎದುರಾಗುತ್ತದೆ. ಶಾಲಾ ದಿನಗಳಲ್ಲಿ ಎಂಟರಿಂದ ಒಂಬತ್ತರ ತನಕ ಮಕ್ಕಳ ವಾಹನಗಳ ಓಡಾಟ ಜಾಸ್ತಿ. ಅಷ್ಟರಲ್ಲಿ ನೀವು ಹೂಡೆ ದಾಟಿರುವುದು ಒಳ್ಳೆಯದು.

ತಿಂಡಿಗೆ ದಾರಿಬದಿಯ ಸಣ್ಣ ಹೋಟೆಲುಗಳೇ ಸರಿ. ಬನ್ಸ್, ನೀರ್‌ದೋಸೆ, ಅವಲಕ್ಕಿ–ಕಡ್ಲೆ. ಇವುಗಳಲ್ಲಿ ಆಗಷ್ಟೇ ಮಾಡಿದ್ದು ಯಾವುದೆಂದು ಕೇಳಿ ಅದನ್ನೇ ತೆಗೆದುಕೊಳ್ಳಿ. ಎಣ್ಣೆ ಪದಾರ್ಥವನ್ನು ಹೊಟ್ಟೆ ತುಂಬ ತಿಂದು ಪೆಡಲ್ ತುಳಿಯುವುದು ಕಷ್ಟ. ಬನ್ಸ್ ಎರಡಕ್ಕೇ ನಿಲ್ಲಿಸಿ, ಗೋಳಿಬಜೆಯನ್ನು ಸಂಜೆಗೆ ಇಟ್ಟುಕೊಳ್ಳಿ.

ಹೂಡೆಯ ಆಚೆಗೆ ನೆಲ ಕಿರಿದಾಗುತ್ತ ಹೋಗುತ್ತದೆ. ಬಲಕ್ಕೆ ಸುವರ್ಣಾ ನದಿಯ ಹಿನ್ನೀರು, ಎಡಕ್ಕೆ ಅರಬ್ಬಿ ಸಮುದ್ರ. ಕೆಲವು ಕಡೆ ದಾರಿಯಲ್ಲಿ ನಿಂತೇ ಎರಡೂ ನೀರು ನೋಡಬಹುದು. ಹೊಳೆಯ ಕಡೆ ಕುದ್ರುಗಳು (ನಡುಗಡ್ಡೆಗಳು), ಬಲೆ ಬೀಸುವ ದೋಣಿಗಳು. ಕಡಲಿನ ಕಡೆ ಕೊರೆತ ತಡೆಯಲು ಪೇರಿಸಿದ ಕಲ್ಲುಗಳು. ತುದಿಯಲ್ಲಿ ಸೀತಾ, ಸುವರ್ಣಾ ನದಿಗಳು ಸೇರಿ ಅಳಿವೆಯಲ್ಲಿ ಕಡಲಿಗಿಳಿಯುತ್ತವೆ. ಆಚೆ ದಡದಲ್ಲಿ ಕಾಣುವುದು ಹಂಗಾರಕಟ್ಟೆಯ ಕಡೆಯ ನೆಲ. ಇಲ್ಲಿ ಕನಿಷ್ಠ ಒಂದು ಗಂಟೆ ಕುಳಿತುಕೊಳ್ಳಿ, ಈ ದಾರಿ ಹಿಡಿದದ್ದೇ ಇದಕ್ಕಾಗಿ. ನೀರಿಗೆ ಮಾತ್ರ ಇಳಿಯಬೇಡಿ. ಅಳಿವೆಯಲ್ಲಿ ಮೇಲುಗಡೆ ನೀರು ಸುಮ್ಮನಿದ್ದಂತೆ ಕಂಡರೂ ಭರತ–ಇಳಿತದ ಸೆಳೆತ ಬಲವಾಗಿರುತ್ತದೆ, ಈಜು ಬಲ್ಲವರಿಗೂ ಅಪಾಯ.

ಮರಳುವಾಗ ದಾರಿ ಬದಲಿಸಬೇಕೆನಿಸಿದರೆ ಕೆಮ್ಮಣ್ಣಿನ ಕಡೆಗೆ ತಿರುಗಿ ಅಲ್ಲಿಯ ತೂಗುಸೇತುವೆ ನೋಡಬಹುದು. ತಿಮ್ಮಣ್ಣ ಕುದ್ರುವಿಗೆ ಹೋಗುವ ಕಿರಿದಾದ ಸೇತುವೆ ಅದು. ಎದುರಿನಿಂದ ಊರವರು ಬರುತ್ತಿದ್ದರೆ ಅವರು ದಾಟುವ ತನಕ ಈಚೆಯೇ ನಿಲ್ಲಿ. ಬಿಸಿಲು ಆಗಲೇ ಚುರುಕಾಗಿದ್ದರೆ ಈ ಸುತ್ತು ಬಿಟ್ಟು ಬಂದ ದಾರಿಯಲ್ಲೇ ಮರಳಿ.

ನಡುಹಗಲು: ಬಂದರು, ಊಟ, ನಿದ್ದೆ

ಹತ್ತರಿಂದ ಹನ್ನೊಂದರೊಳಗೆ ಮಲ್ಪೆಯಲ್ಲಿರಿ. ಬಂದರು ನೋಡುವ ಆಸೆಯಿದ್ದರೆ ಸೈಕಲ್ಲನ್ನು ಕೋಣೆಯಲ್ಲಿಟ್ಟು ನಡೆದೇ ಹೋಗಿ. ಒಳಗೆ ಮಂಜುಗಡ್ಡೆಯ ನೀರು, ಮೀನಿನ ಲೋಳೆ, ಹಿಂದೆಮುಂದೆ ಸರಿಯುವ ಲಾರಿಗಳು; ಸೈಕಲ್ಲಿಗೆ ಅದು ಜಾಗವಲ್ಲ. ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಮಲ್ಪೆ ಒಂದು. ಪರ್ಸೀನ್ ಬೋಟು, ಟ್ರಾಲ್ ಬೋಟು ಬಂದು ತಾಗುತ್ತಿದ್ದಂತೆ ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ, ಬೊಂಡಾಸ್ ಬುಟ್ಟಿಬುಟ್ಟಿಯಾಗಿ ಇಳಿಯುತ್ತವೆ, ಪಕ್ಕದಲ್ಲೇ ಏಲಂ ಕೂಗು. ಬದಿಗೆ ನಿಂತು ನೋಡಿ, ದುಡಿಯುವವರ ದಾರಿಗೆ ಅಡ್ಡ ಬರಬೇಡಿ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೀನುಸಾರು, ಅಂದಿನ ಮೀನಿನ ತವಾ ಫ್ರೈ. ‘ಇವತ್ತು ಯಾವ ಮೀನು ಒಳ್ಳೆದುಂಟು?’ ಎಂದು ಕೇಳಿದರೆ ಹೋಟೆಲಿನವರು ಸರಿಯಾದ್ದನ್ನೇ ಹೇಳುತ್ತಾರೆ. ಮೆನುವಿಗಿಂತ ಆ ಮಾತು ನಂಬಿಕೆಯದು. ಬೂತಾಯಿ, ಬಂಗುಡೆ ಅಗ್ಗ, ರುಚಿಗೇನೂ ಕಡಿಮೆಯಿಲ್ಲ. ಅಂಜಲ್‌ಗೆ ಹಣ ಹೆಚ್ಚು, ಮುಳ್ಳು ಕಡಿಮೆ. ಸಸ್ಯಾಹಾರಿಗಳು ಮಧ್ಯಾಹ್ನ ಬಸ್ಸಿನಲ್ಲಿ ಉಡುಪಿಗೆ ಹೋಗಿ ಉಂಡು, ಕೊನೆಗೊಂದು ಗಡ್‌ಬಡ್ ಐಸ್‌ಕ್ರೀಂ ತಿಂದು ಬರಬಹುದು.

ಊಟವಾದ ಮೇಲೆ ಮೂರೂವರೆಯ ತನಕ ಮಲಗಿ. ಈ ಹೊತ್ತಿನಲ್ಲಿ ಸವಾರಿ ಮಾಡಿ ಸಾಧಿಸುವುದೇನಿಲ್ಲ. ಸೇಂಟ್ ಮೇರೀಸ್ ದ್ವೀಪವನ್ನೂ ಇದೇ ದಿನಕ್ಕೆ ತುರುಕಬೇಡಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾರಸ ತಣಿದು ಕಂಬಕಂಬವಾಗಿ ನಿಂತ ಬಂಡೆಗಳು ಅಲ್ಲಿವೆ. ಅವಸರದಲ್ಲಿ ನೋಡಿ ಬರುವ ಜಾಗವಲ್ಲ, ಅದಕ್ಕೆ ಅರ್ಧ ದಿನ ಬೇರೆಯೇ ಇಡಿ.

ಸಂಜೆ: ಪಡುಕೆರೆಯತ್ತ

ನಾಲ್ಕಕ್ಕೆ ಮತ್ತೆ ಸೈಕಲ್. ಈ ಸಲ ದಕ್ಷಿಣಕ್ಕೆ. ಬಂದರಿನ ಬಳಿಯ ಪಡುಕೆರೆ ಸೇತುವೆ ಹತ್ತಿದರೆ ಕೆಳಗೆ ಉದ್ಯಾವರ ಹೊಳೆ, ಅದರ ತುಂಬ ಬಣ್ಣಬಣ್ಣದ ಬೋಟುಗಳು. ಆಗ ಹೇಳಿದ ಒಂದೇ ಏರು ಇದು. ದಮ್ಮು ಕಟ್ಟಿದರೆ ಇಳಿದು ತಳ್ಳಿ, ಹೇಗೂ ಮೇಲೆ ನಿಂತು ನೋಡಬೇಕಾದ ಜಾಗವೇ. ನಿಲ್ಲುವಾಗ ಅಂಚಿಗೆ ಸರಿದುಕೊಳ್ಳಿ.

ಸೇತುವೆ ಇಳಿದರೆ ಪಡುಕೆರೆ. ಉದ್ಯಾವರ ಹೊಳೆ ಕಡಲಿನ ಹತ್ತಿರ ಬಂದೂ ನೇರ ಸೇರದೆ, ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು ಮಲ್ಪೆಯಲ್ಲಿ ಕಡಲು ಕೂಡುತ್ತದೆ. ಹೀಗಾಗಿ ನಡುವೆ ಉಳಿದ ಉದ್ದನೆಯ ಮರಳುಪಟ್ಟಿಯ ಮೇಲೆಯೇ ಊರು, ಶಾಲೆ, ದಾರಿ ಎಲ್ಲವೂ ಇವೆ. ಸೇತುವೆಯಿಂದ ಮೂರ್ನಾಲ್ಕು ಕಿಲೋಮೀಟರ್ ಹೋಗಿ ಎಲ್ಲಿ ಮನಸ್ಸಾಗುತ್ತದೋ ಅಲ್ಲಿ ನಿಲ್ಲಿ. ಅದೃಷ್ಟವಿದ್ದರೆ ಕೈರಂಪಣಿ ಎಳೆಯುವುದನ್ನು ಕಾಣಬಹುದು. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಅದರ ಎರಡೂ ತುದಿಯ ಹಗ್ಗವನ್ನು ದಡದಲ್ಲಿ ಸಾಲಾಗಿ ನಿಂತು ಹತ್ತಾರು ಜನ ಎಳೆಯುವ ಹಳೆಯ ಮೀನುಗಾರಿಕೆ ಇದು.

ಸೂರ್ಯಾಸ್ತ ಡಿಸೆಂಬರಿನಲ್ಲಿ ಆರು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಫೆಬ್ರವರಿಯಲ್ಲಿ ಆರೂವರೆಯ ಆಸುಪಾಸು. ಮುಳುಗಿದ ಇಪ್ಪತ್ತು–ಇಪ್ಪತ್ತೈದು ನಿಮಿಷಕ್ಕೆ ಕತ್ತಲು ಕವಿಯುತ್ತದೆ. ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಇದ್ದವರು ಪೂರ್ತಿ ನೋಡಿ ಹೊರಡಲಿ. ಇಲ್ಲದವರು ಬೆಳಕಿರುವಾಗಲೇ ಹಿಂದಿರುಗಿ ಮಲ್ಪೆ ಬೀಚಿನಿಂದಲೇ ಸೂರ್ಯಾಸ್ತ ನೋಡಲಿ. ಸಂಜೆಯ ಹೊತ್ತಿಗೆ ಎದುರುಗಾಳಿಯೂ ಸೋತಿರುತ್ತದೆ. ಬೀಚಿನಲ್ಲಿ ಚುರುಮುರಿ, ಹೋಟೆಲಿನಲ್ಲಿ ಬೆಳಿಗ್ಗೆ ಬಾಕಿ ಉಳಿಸಿದ ಗೋಳಿಬಜೆ.

ಚೀಲದಲ್ಲಿ ಇರಲಿ

- ತಲಾ ಎರಡು ಲೀಟರ್ ನೀರು. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯಿರಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ನಡುವೆ ಒಂದು ಬೊಂಡ (ಎಳನೀರು), ಉಪ್ಪು ಹಾಕಿದ ಮಜ್ಜಿಗೆ ಅಥವಾ ಪುನರ್ಪುಳಿ ಶರಬತ್ತು.
- ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕತ್ತು ಮುಚ್ಚುವ ತೆಳು ಬಟ್ಟೆ, ಸನ್‌ಸ್ಕ್ರೀನ್. ಸುಡುವುದು ಮುಖಕ್ಕಿಂತ ಹೆಚ್ಚಾಗಿ ಮುಂಗೈ ಮತ್ತು ಕತ್ತಿನ ಹಿಂಭಾಗ.
- ಪಂಪು, ಪಂಕ್ಚರ್ ಸಾಮಾನು, ಒಂದು ಟ್ಯೂಬ್. ಕಡಲಂಚಿನ ಊರುಗಳಲ್ಲಿ ಸೈಕಲ್ ಶಾಪ್ ಹುಡುಕುವುದು ಈಗ ಸುಲಭವಲ್ಲ.
- ಬೀಗ, ಚಿಲ್ಲರೆ ಹಣ, ಫೋನಿಗೆ ಪ್ಲಾಸ್ಟಿಕ್ ಕವರು.

ಟೈರಿಗೆ ಕಲ್ಲಿನಂತೆ ಗಟ್ಟಿಯಾಗುವಷ್ಟು ಗಾಳಿ ತುಂಬಿಸಬೇಡಿ, ಸ್ವಲ್ಪ ಕಡಿಮೆಯಿದ್ದರೆ ಮರಳಿನಲ್ಲಿ ಹಿಡಿತ ಸಿಗುತ್ತದೆ. ದಾರಿಗೆ ಅಡ್ಡ ಹೊಯಿಗೆ ಕಂಡಾಗ ಮುಂದಿನ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ, ನೇರ ದಾಟಿ.

ದಾರಿ ಊರವರದು

ಇಲ್ಲಿಯ ಖಾಸಗಿ ಬಸ್ಸುಗಳು ವೇಗಕ್ಕೆ ಹೆಸರಾದವು. ಹಾರ್ನ್ ಕೇಳಿದರೆ ಹಟ ಮಾಡದೆ ಬದಿಗೆ ಸರಿದು ನಿಲ್ಲಿ. ಇಬ್ಬರು ಅಕ್ಕಪಕ್ಕ ಹರಟುತ್ತ ಹೋಗುವುದು ಬೇಡ, ಸಾಲಾಗಿ ಹೋಗಿ. ರಾಷ್ಟ್ರೀಯ ಹೆದ್ದಾರಿ 66ರ ಸಹವಾಸವೇ ಬೇಡ; ಕರಾವಳಿಯ ಒಳದಾರಿ ಸ್ವಲ್ಪ ಸುತ್ತಾದರೂ ಅದರಲ್ಲೇ ಹೋಗಿ. ದಾರಿಯಂಚಿನಲ್ಲಿ ಹರಡಿದ ಬಲೆ, ಒಣಹಾಕಿದ ಮೀನು ಒಬ್ಬರ ದುಡಿಮೆ. ಅದರ ಮೇಲೆ ಚಕ್ರ ಹಾಯಿಸಬಾರದು. ಮೀನು ಮಾರುವ ಹೆಂಗಸರ, ಬಲೆ ಹೆಣೆಯುವವರ ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ. ದೈವಸ್ಥಾನದ ಅಂಗಳಕ್ಕೆ ಚಪ್ಪಲಿ, ಸೈಕಲ್ ಎರಡೂ ಬೇಡ. ದಾರಿ ತಪ್ಪಿದರೆ ಮೊಬೈಲ್ ನಕ್ಷೆಗಿಂತ ಅಂಗಡಿ ಜಗಲಿಯಲ್ಲಿ ಕುಳಿತವರನ್ನು ಕೇಳುವುದು ಲೇಸು. ನಕ್ಷೆ ಹತ್ತಿರದ ದಾರಿ ಹೇಳುತ್ತದೆ. ಆ ದಾರಿ ಯಾರದೋ ಹಿತ್ತಲಿನಲ್ಲಿ ಮುಗಿಯುತ್ತದೆ ಎಂಬುದು ಅದಕ್ಕೆ ತಿಳಿಯದು.

ರಾತ್ರಿ ಮಲಗುವ ಮುನ್ನ

ಉಪ್ಪು ಸೈಕಲ್ಲಿನ ವೈರಿ. ನೀರಿಳಿದ ಹೊತ್ತಿನಲ್ಲಿ ಗಟ್ಟಿ ಮರಳಿನ ಮೇಲೆ, ಅಲೆಯಂಚಿನಲ್ಲಿ ಸವಾರಿ ಮಾಡುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಉಪ್ಪುನೀರು ಬೇರಿಂಗಿಗೆ, ಚೈನಿಗೆ ಹೊಕ್ಕರೆ ಕೆಲವೇ ದಿನಗಳಲ್ಲಿ ತುಕ್ಕು ತೋರುತ್ತದೆ. ಫೋಟೊಗೆ ಬೇಕಾದರೆ ಸೈಕಲ್ಲನ್ನು ಒಣಮರಳಿನಲ್ಲಿ ಎತ್ತಿಕೊಂಡು ಹೋಗಿ. ಏನೇ ಇರಲಿ, ರಾತ್ರಿ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಡಿ. ರಭಸದ ಪೈಪು ಬಳಸಿದರೆ ಮರಳು ಇನ್ನೂ ಒಳಗೆ ಹೋಗುತ್ತದೆ. ಬಾಡಿಗೆ ಸೈಕಲ್ಲಿಗೂ ಇಷ್ಟು ಉಪಚಾರ ಮಾಡಿ, ಮುಂದೆ ಬರುವವರು ನಿಮ್ಮಂಥವರೇ.

ಇನ್ನೊಂದು ಬೆಳಗು ಕೈಯಲ್ಲಿದ್ದರೆ

ಮರುದಿನವೂ ಕಾಲು ಕೇಳಿದರೆ ಪಡುಕೆರೆಯ ದಾರಿಯನ್ನೇ ಮುಂದುವರಿಸಿ ಮಟ್ಟು, ಕೈಪುಂಜಾಲು ಮೂಲಕ ಕಾಪು ದೀಪಸ್ತಂಭದ ತನಕ ಹೋಗಬಹುದು. ಒಂದು ದಿಕ್ಕಿಗೆ ಸುಮಾರು 15 ಕಿಲೋಮೀಟರ್. ಮಟ್ಟುವಿನ ಹೊಲಗಳಲ್ಲಿ ಬೆಳೆಯುವ ತಿಳಿಹಸಿರು ಗುಳ್ಳಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಯತಿ ವಾದಿರಾಜರ ಹೆಸರಿನೊಂದಿಗೆ ಬೆಸೆದ ಈ ಬದನೆ ಹಂಗಾಮಿನಲ್ಲಿದ್ದರೆ ಒಂದು ಕಿಲೋ ಚೀಲಕ್ಕೆ ಹಾಕಿಕೊಳ್ಳಿ. ಕಾಪುವಿನ ದೀಪಸ್ತಂಭ 1901ರದು. ಮೆಟ್ಟಿಲು ಹತ್ತಲು ಬಿಡುವುದು ಸಂಜೆ, ಬೆಳಿಗ್ಗೆ ಹೋದವರಿಗೆ ಬುಡದ ಬಂಡೆ ಮತ್ತು ಕಡಲು. ಮೇಲೆ ಹತ್ತಲೇಬೇಕೆಂದಿದ್ದರೆ ಸಂಜೆ ಬಸ್ಸಿನಲ್ಲಿ ಬೇರೆಯಾಗಿ ಬನ್ನಿ, ಯಾಕೆಂದರೆ ಈ ದಾರಿಗೆ ಗಾಳಿಯ ಲೆಕ್ಕ ತಿರುಗಿದೆ: ಮರಳುವುದು ಉತ್ತರಕ್ಕೆ, ಎದುರುಗಾಳಿಗೆ. ಬೆಳಕು ಹರಿಯುತ್ತಲೇ ಹೊರಟು, ಎಂಟಕ್ಕೆ ಕಾಪುವಿನಲ್ಲಿ ತಿಂಡಿ ಮುಗಿಸಿ, ಗಾಳಿ ಏಳುವ ಮೊದಲೇ ಹತ್ತರೊಳಗೆ ಮಲ್ಪೆ ಸೇರಿಬಿಡಿ. ಅಷ್ಟು ಬೇಗ ಏಳಲಾಗದಿದ್ದರೆ ಮಟ್ಟುವಿನಿಂದಲೇ ಹಿಂದಿರುಗಿ. ಕಾಪು ಮುಂದಿನ ರಜೆಗಿರಲಿ.